ದಿಣ್ಣೆಯಲ್ಲಿ ನಿಲ್ಲುವ ವಿದ್ಯುತ್ ಸೈಕಲ್

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಗರೆ ಸಿಗುತ್ತದೆ. ಹಳೇಬೀಡಿಗೆ ಹೋಗುವವರು ಅಲ್ಲಿ ತಿರುಗಿಕೊಳ್ಳುತ್ತಾರೆ. ಹಳೆಯ ಸೈಕಲ್ಲೊಂದಕ್ಕೆ ಮೋಟಾರು, ಬ್ಯಾಟರಿ ಜೋಡಿಸಿ ನೀವೇ ಮಾಡಿಕೊಂಡ ವಿದ್ಯುತ್ ಸೈಕಲ್ ಏರಿ ಆ ದಾರಿಯಲ್ಲಿ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಸಮತಟ್ಟಿನಲ್ಲಿ ಸೈಕಲ್ ಸಲೀಸಾಗಿ ಓಡುತ್ತದೆ. ದಿಣ್ಣೆ ಹತ್ತುವಾಗ ಮಾತ್ರ ನಡುದಾರಿಯಲ್ಲಿ ಮೋಟಾರು ಥಟ್ಟನೆ ನಿಂತುಬಿಡುತ್ತದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ. ಇಳಿದು, ಸೈಕಲ್ಲನ್ನು ಪಕ್ಕಕ್ಕೆ ತಳ್ಳಿ, ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆಯುತ್ತೀರಿ. 35 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ಖಾಲಿಯಾಗಿಲ್ಲ! ಮತ್ತೆ ಹತ್ತಿ ಕುಳಿತರೆ ಮೋಟಾರು ತಿರುಗುತ್ತದೆ. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ.

ಇದೇಕೆ ಹೀಗೆ? ನಿಂತ ಮೇಲೆ ಅಳೆದರೆ ಎಲ್ಲವೂ ಸರಿ, ಓಡುವಾಗ ಮಾತ್ರ ತೊಂದರೆ. ಈ ಒಗಟನ್ನು ಬಿಡಿಸಲು ಪ್ರೌಢಶಾಲೆಯಲ್ಲಿ ಕಲಿಯುವ ಓಮ್‌ನ ನಿಯಮ ಸಾಕು. ಬಿಡಿಸದೆ ಅಡ್ಡದಾರಿ ಹಿಡಿದರೆ ಅಪಾಯವೂ ಉಂಟು. ಅದನ್ನು ಮುಂದೆ ನೋಡೋಣ.

ಇಬ್ಬರು ಕಾವಲುಗಾರರು

ನಿಮ್ಮ ಸೈಕಲ್ಲಿನ ಬ್ಯಾಟರಿ 36 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಎಂದುಕೊಳ್ಳೋಣ. ಅದರಲ್ಲಿ 40 ಕೋಶಗಳಿರುತ್ತವೆ. ನಾಲ್ಕು ನಾಲ್ಕು ಕೋಶಗಳನ್ನು ಸಮಾಂತರವಾಗಿ ಜೋಡಿಸಿ ಒಂದೊಂದು ಗುಂಪು ಮಾಡಿ, ಅಂಥ 10 ಗುಂಪುಗಳನ್ನು ಸರಣಿಯಲ್ಲಿ ಕೂಡಿಸಿರುತ್ತಾರೆ. ಪೂರ್ತಿ ಚಾರ್ಜ್ ಆದಾಗ ಪ್ರತಿ ಗುಂಪು 4.2 ವೋಲ್ಟ್, ಒಟ್ಟು 42 ವೋಲ್ಟ್.

ಈ ಬ್ಯಾಟರಿಯನ್ನು ಇಬ್ಬರು ಕಾಯುತ್ತಾರೆ. ಮೊದಲನೆಯದು ಮೋಟಾರನ್ನು ನಡೆಸುವ ಕಂಟ್ರೋಲರ್. ಇದು ಬ್ಯಾಟರಿಯ ಒಟ್ಟು ವೋಲ್ಟೇಜನ್ನು ಮಾತ್ರ ನೋಡುತ್ತದೆ. ಅದು ಸುಮಾರು 31 ವೋಲ್ಟಿಗಿಂತ ಕೆಳಗಿಳಿದರೆ ಮೋಟಾರನ್ನು ನಿಲ್ಲಿಸುತ್ತದೆ. ಎರಡನೆಯದು ಬ್ಯಾಟರಿಯ ಪೆಟ್ಟಿಗೆಯೊಳಗಿನ ಬಿಎಂಎಸ್ ಎಂಬ ರಕ್ಷಣಾ ಮಂಡಲ. ಇದು ಹತ್ತು ಗುಂಪುಗಳನ್ನೂ ಬೇರೆ ಬೇರೆಯಾಗಿ ಗಮನಿಸುತ್ತದೆ. ಯಾವುದೇ ಒಂದು ಗುಂಪು ನಿಗದಿತ ಮಟ್ಟಕ್ಕಿಂತ, ಉದಾಹರಣೆಗೆ 2.8 ವೋಲ್ಟಿಗಿಂತ, ಕೆಳಗೆ ಹೋದರೆ ಇಡೀ ಬ್ಯಾಟರಿಯ ಸಂಪರ್ಕವನ್ನೇ ಕಡಿಯುತ್ತದೆ. ಪ್ರವಾಹ ಮಿತಿಮೀರಿದರೂ ಹಾಗೆಯೇ ಮಾಡುತ್ತದೆ.

ಯಾರು ನಿಲ್ಲಿಸಿದರು ಎಂಬುದನ್ನು ಹ್ಯಾಂಡಲ್ ಮೇಲಿನ ದೀಪವೇ ಹೇಳುತ್ತದೆ. ಮೋಟಾರು ನಿಂತರೂ ದೀಪ ಉರಿಯುತ್ತಿದ್ದರೆ ಬ್ಯಾಟರಿಯಿಂದ ವಿದ್ಯುತ್ತು ಬರುತ್ತಿದೆ, ನಿಲ್ಲಿಸಿದ್ದು ಬಹುಶಃ ಕಂಟ್ರೋಲರ್. ದೀಪವೂ ಆರಿ ಎಲ್ಲವೂ ಸತ್ತಂತಾದರೆ ಬಿಎಂಎಸ್ ಕಡಿದಿದೆ, ಇಲ್ಲವೆ ಎಲ್ಲೋ ಸಂಪರ್ಕ ಬಿಟ್ಟಿದೆ. ಉಪಕರಣ ಹಿಡಿಯುವ ಮೊದಲೇ ಗಮನಿಸಬೇಕಾದ ಸಂಗತಿ ಇದು.

ದಿಣ್ಣೆಯ ಲೆಕ್ಕ

ಸವಾರ ಮತ್ತು ಸೈಕಲ್ ಸೇರಿ 100 ಕಿ.ಗ್ರಾಂ. ಇರಲಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಲು ಗಾಳಿಯ ಮತ್ತು ಚಕ್ರಗಳ ಪ್ರತಿರೋಧವನ್ನು ಮೀರಿದರೆ ಸಾಕು. ಅದಕ್ಕೆ ಸುಮಾರು 100 ವ್ಯಾಟ್ ಬೇಕು. ಮೋಟಾರಿನಲ್ಲಿ ಆಗುವ ನಷ್ಟ ಸೇರಿದರೆ ಬ್ಯಾಟರಿ ಸುಮಾರು 140 ವ್ಯಾಟ್, ಎಂದರೆ 4 ಆಂಪಿಯರ್ ಕೊಡಬೇಕು.

ಈಗ 100 ಮೀಟರಿಗೆ 5 ಮೀಟರ್ ಏರುವ ದಿಣ್ಣೆ ಬಂತು. ವೇಗ ಗಂಟೆಗೆ 15 ಕಿ.ಮೀ.ಗೆ, ಅಂದರೆ ಸೆಕೆಂಡಿಗೆ 4.17 ಮೀಟರಿಗೆ ಇಳಿಯಿತು. ಭಾರವನ್ನು ಮೇಲೆತ್ತಲು ಮಾತ್ರವೇ 100 × 9.8 × 0.05 × 4.17, ಅಂದರೆ ಸುಮಾರು 204 ವ್ಯಾಟ್ ಬೇಕು. ಇತರ ಪ್ರತಿರೋಧ, ನಷ್ಟಗಳನ್ನು ಸೇರಿಸಿದರೆ ಬ್ಯಾಟರಿಯಿಂದ ಸುಮಾರು 375 ವ್ಯಾಟ್. ಪ್ರವಾಹ 4 ಆಂಪಿಯರಿನಿಂದ 11 ಆಂಪಿಯರಿಗೆ ಏರಿತು!

ಕೋಶಗಳಿಗೆ ಆಂತರಿಕ ರೋಧವಿದೆ. ತಂತಿಗಳಿಗೆ, ಪ್ಲಗ್ಗುಗಳಿಗೆ ತಮ್ಮದೇ ರೋಧವಿದೆ. ಹೊಸ ಬ್ಯಾಟರಿಯಲ್ಲಿ ಇವೆಲ್ಲ ಸೇರಿ 0.2 ಓಮ್ ಎನ್ನೋಣ. ಒಳಗೆ ನಷ್ಟವಾಗುವ ವೋಲ್ಟೇಜ್ = ಪ್ರವಾಹ × ರೋಧ. ದಿಣ್ಣೆಯಲ್ಲಿ 11 × 0.2 = 2.2 ವೋಲ್ಟ್. ಬ್ಯಾಟರಿ 35ರಿಂದ 32.8 ವೋಲ್ಟಿಗೆ ಇಳಿಯುತ್ತದೆ. ತೊಂದರೆಯಿಲ್ಲ.

ಕೆಲವು ವರ್ಷ ಬಳಸಿದ ಮೇಲೆ ರೋಧ 0.4 ಓಮ್‌ಗೆ ಏರಿದೆ ಎಂದುಕೊಳ್ಳಿ. ಸಮತಟ್ಟಿನಲ್ಲಿ 4 × 0.4 = 1.6 ವೋಲ್ಟ್ ನಷ್ಟ, 33.4 ವೋಲ್ಟ್ ಉಳಿಯಿತು, ಸೈಕಲ್ ಓಡಿತು. ದಿಣ್ಣೆಯಲ್ಲಿ 11 × 0.4 = 4.4 ವೋಲ್ಟ್ ನಷ್ಟ, ಉಳಿದದ್ದು 30.6 ವೋಲ್ಟ್. ಕಂಟ್ರೋಲರ್ ಮೋಟಾರನ್ನು ನಿಲ್ಲಿಸಿತು. ಮೋಟಾರು ನಿಂತ ಕೂಡಲೆ ಪ್ರವಾಹ ಸೊನ್ನೆ, ನಷ್ಟವೂ ಸೊನ್ನೆ. ವೋಲ್ಟೇಜ್ ಮತ್ತೆ ಮೇಲೇರಿತು. ನಿಮ್ಮ ಮೀಟರ್ ತೋರಿಸಿದ್ದು ಈ ಚೇತರಿಸಿಕೊಂಡ ವೋಲ್ಟೇಜನ್ನು. ಮೀಟರ್ ಸುಳ್ಳು ಹೇಳಲಿಲ್ಲ. ನಾವು ಅಳೆದ ಹೊತ್ತು ತಪ್ಪು.

ಚಳಿಯಲ್ಲಿ ಕೋಶದ ಆಂತರಿಕ ರೋಧ ಹೆಚ್ಚುತ್ತದೆ. ಪುಷ್ಯದ ಬೆಳಗಿನಲ್ಲಿ ನಿಲ್ಲುವ ಸೈಕಲ್ ಮಧ್ಯಾಹ್ನ ಅದೇ ದಿಣ್ಣೆಯನ್ನು ಹತ್ತಿದರೆ ಆಶ್ಚರ್ಯವಿಲ್ಲ.

ಒಬ್ಬ ಸೋತರೆ ಎಲ್ಲರೂ ನಿಂತಂತೆ

ಇನ್ನೊಂದು ಸಾಧ್ಯತೆ ಇದೆ. ಒಂಬತ್ತು ಗುಂಪುಗಳು ತಲಾ 3.55 ವೋಲ್ಟ್, ಹತ್ತನೆಯದು ಮಾತ್ರ 3.05 ವೋಲ್ಟ್ ಇದೆ ಎನ್ನಿ. ಕೂಡಿ ನೋಡಿ, ಒಟ್ಟು 35 ವೋಲ್ಟೇ! ಹೊರಗಿನಿಂದ ಏನೂ ಗೊತ್ತಾಗದು. ಒಳ್ಳೆಯ ಗುಂಪಿನ ರೋಧ 0.0125 ಓಮ್, ಸೊರಗಿದ ಗುಂಪಿನದು 0.04 ಓಮ್ ಇರಲಿ. 11 ಆಂಪಿಯರ್ ಹರಿದಾಗ ಒಳ್ಳೆಯ ಗುಂಪುಗಳು 3.41 ವೋಲ್ಟಿಗೆ ಇಳಿದರೆ ಸೊರಗಿದ್ದು 2.61 ವೋಲ್ಟಿಗೆ ಕುಸಿಯುತ್ತದೆ. ಬ್ಯಾಟರಿಯ ಒಟ್ಟು ವೋಲ್ಟೇಜ್ ಇನ್ನೂ 33.3 ಇರುವುದರಿಂದ ಕಂಟ್ರೋಲರಿಗೆ ದೂರಿಲ್ಲ. ಆದರೆ ಬಿಎಂಎಸ್ ಆ ಒಂದು ಗುಂಪನ್ನು ನೋಡಿ ಎಲ್ಲವನ್ನೂ ಕಡಿಯುತ್ತದೆ. ದೀಪವೂ ಆರುತ್ತದೆ. ಕೆಲವು ಬಿಎಂಎಸ್‌ಗಳು ಚಾರ್ಜರ್ ಹಾಕುವವರೆಗೆ ಮತ್ತೆ ತೆರೆದುಕೊಳ್ಳುವುದೂ ಇಲ್ಲ.

ಸರಣಿ ಜೋಡಣೆಯ ಈ ಗುಣ ಲಿಥಿಯಂ ಕೋಶಗಳಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿದ್ದು 48 ವೋಲ್ಟ್ ಕೊಡುತ್ತಿದ್ದವು. ಅಂಥ ಜೋಡಣೆಯಲ್ಲಿ ಒಂದು ಬ್ಯಾಟರಿ ಸೊರಗಿದರೂ ಉಳಿದವುಗಳ ಶಕ್ತಿ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಯುಪಿಎಸ್‌ನ 12 ವೋಲ್ಟಿನ ಮೂರು ಬ್ಯಾಟರಿಗಳನ್ನು ಕೂಡಿಸಿ ಸೈಕಲ್ ಓಡಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಬಿಸಿಯಾಗುವ ಪ್ಲಗ್ಗು

ಬ್ಯಾಟರಿಯನ್ನು ದೂರುವ ಮುನ್ನ ಕೂಡುಜಾಗಗಳನ್ನು ನೋಡಿ. 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಒಂದು ಮೀಟರ್ ಉದ್ದಕ್ಕೆ 0.007 ಓಮ್ ರೋಧವನ್ನಷ್ಟೇ ಒಡ್ಡುತ್ತದೆ. ಸಡಿಲವಾದ ಅಥವಾ ಕಿಲುಬು ಹಿಡಿದ ಒಂದು ಪ್ಲಗ್ಗು 0.1 ಓಮ್ ಒಡ್ಡಬಲ್ಲದು. 11 ಆಂಪಿಯರಿಗೆ ಅಲ್ಲಿ 1.1 ವೋಲ್ಟ್ ನಷ್ಟ. ಹುಟ್ಟುವ ಶಾಖ 11 × 11 × 0.1 = 12.1 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಬೆಸುಗೆ ಕಡ್ಡಿಯ ಅರ್ಧದಷ್ಟು ಶಾಖ ಬೆರಳ ತುದಿಯಷ್ಟು ಜಾಗದಲ್ಲಿ! ಪ್ಲಗ್ಗಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಮೆತ್ತಗಾಗಿದ್ದರೆ ಅದನ್ನು ಬದಲಾಯಿಸಿ. ರಸ್ತೆಯ ಗುಂಡಿಯಲ್ಲಿ ಹಾರಿದಾಗ ಮಾತ್ರ ದೀಪ ಮಿಣುಕಿ ಮೋಟಾರು ನಿಂತರೂ ಶಂಕೆ ಕೂಡುಜಾಗಗಳ ಮೇಲೆಯೇ.

ಹೇಗೆ ಪರೀಕ್ಷಿಸಬೇಕು?

ಹಿಂದಿನ ಚಕ್ರವನ್ನು ನೆಲದಿಂದೆತ್ತಿ ಮೋಟಾರು ತಿರುಗಿಸಿ, ‘ಎಲ್ಲ ಸರಿಯಾಗಿದೆ’ ಎನ್ನುವವರುಂಟು. ಹೊರೆಯಿಲ್ಲದ ಚಕ್ರಕ್ಕೆ ಒಂದು ಆಂಪಿಯರ್ ಕೂಡ ಬೇಡ. ದಿಣ್ಣೆಯ ತೊಂದರೆ ಅದರಲ್ಲಿ ಕಾಣದು. ದಿಣ್ಣೆಯನ್ನು ಮೇಜಿನ ಮೇಲೆಯೇ ತರಬೇಕು.

12 ವೋಲ್ಟ್, 55 ವ್ಯಾಟಿನ ಕಾರಿನ ಹೆಡ್‌ಲೈಟ್ ಬಲ್ಬುಗಳು ಮೂರನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟಿಗೆ ಸುಮಾರು 4.5 ಆಂಪಿಯರ್ ಎಳೆಯುತ್ತವೆ: ಇದು ಸಮತಟ್ಟಾದ ರಸ್ತೆ. ಅಂಥದೇ ಇನ್ನೊಂದು ಸಾಲನ್ನು ಸಮಾಂತರವಾಗಿ ಸೇರಿಸಿದರೆ ಸುಮಾರು 9 ಆಂಪಿಯರ್: ಇದು ದಿಣ್ಣೆ. ಸಾಲುಗಳನ್ನು ಒಂದಾದ ಮೇಲೊಂದು ಜೋಡಿಸಿ. ಬಲ್ಬಿನ ತಂತು ತಣ್ಣಗಿರುವಾಗ ಅದರ ರೋಧ ತೀರ ಕಡಿಮೆ; ಆ ಕ್ಷಣದ ದೊಡ್ಡ ಪ್ರವಾಹಕ್ಕೇ ಬಿಎಂಎಸ್ ಕಡಿದುಬಿಡಬಹುದು.

ಬಲ್ಬುಗಳು ಉರಿಯುತ್ತಿರುವಾಗ ಈ ಕ್ರಮದಲ್ಲಿ ಅಳೆಯಿರಿ:

1. ಬ್ಯಾಟರಿಯ ಒಟ್ಟು ವೋಲ್ಟೇಜ್. ಹೊರೆಯಿಲ್ಲದಾಗಿನ ಬೆಲೆಯಿಂದ ಇದನ್ನು ಕಳೆದು ಪ್ರವಾಹದಿಂದ ಭಾಗಿಸಿದರೆ ಬ್ಯಾಟರಿಯ ರೋಧ ಸಿಗುತ್ತದೆ.
2. ಪ್ರತಿ ಗುಂಪಿನ ವೋಲ್ಟೇಜ್. ಬಿಎಂಎಸ್‌ಗೆ ಹೋಗುವ ತೆಳುತಂತಿಗಳ ಪ್ಲಗ್ಗಿನಲ್ಲಿ ಇದನ್ನು ಅಳೆಯಬಹುದು. ಉಳಿದವಕ್ಕಿಂತ ಬಹಳ ಕೆಳಗಿಳಿಯುವ ಗುಂಪೇ ಅಪರಾಧಿ.
3. ಬ್ಯಾಟರಿಯಿಂದ ಹೊರಬರುವ ಪ್ಲಗ್ಗಿನ ಎರಡು ಬದಿಗಳ ನಡುವಿನ ವೋಲ್ಟೇಜ್. ಕೆಲವು ಮಿಲಿವೋಲ್ಟ್ ಇದ್ದರೆ ಸರಿ; ಅರ್ಧ ವೋಲ್ಟ್ ಇದ್ದರೆ ದೋಷ ಸಿಕ್ಕಿತು.

ಮೂರೂ ಸರಿಯಿದ್ದರೆ ಉಳಿದದ್ದು ಸೈಕಲ್ಲಿನ ಕಡೆ. ದೀಪ ಉರಿಯುತ್ತಲೇ, ದಿಣ್ಣೆ ಸಮತಟ್ಟು ಎನ್ನದೆ ಮೋಟಾರು ನಿಲ್ಲುತ್ತಿದ್ದರೆ ಬ್ರೇಕ್ ಹಿಡಿಯಲ್ಲಿರುವ, ಮೋಟಾರನ್ನು ನಿಲ್ಲಿಸುವ ಸ್ವಿಚ್ಚನ್ನು ನೋಡಿ. ಮಳೆಯಲ್ಲಿ ನೆನೆದಾಗ ಅದು ಅಂಟಿಕೊಳ್ಳುವುದುಂಟು. ಉದ್ದದ ಏರು ಹತ್ತಿದ ಮೇಲೆ ನಿಂತು, ಕಾಲು ಗಂಟೆ ತಣ್ಣಗಾದ ಮೇಲಷ್ಟೇ ಓಡಿದರೆ ಕಂಟ್ರೋಲರ್ ಕಾದಿರಬೇಕು.

ಈ ಪರೀಕ್ಷೆಗಳನ್ನು ಶಿಕ್ಷಕರೊಬ್ಬರ ಎದುರಿನಲ್ಲಿಯೇ ಮಾಡಿ. 36 ವೋಲ್ಟ್ ಒಣ ಕೈಗೆ ಶಾಕ್ ಹೊಡೆಯದಿದ್ದರೂ 0.2 ಓಮ್ ರೋಧದ ಬ್ಯಾಟರಿಯ ಎರಡು ತುದಿಗಳು ಮುಟ್ಟಿದರೆ 180 ಆಂಪಿಯರ್ ಹರಿಯಬಲ್ಲದು. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬಲ್ಬಿನ ದಾರಿಯಲ್ಲಿ 20 ಆಂಪಿಯರಿನ ಫ್ಯೂಸ್ ಇರಲಿ. ಮಲ್ಟಿಮೀಟರಿನ ಕೆಂಪು ತಂತಿ ವೋಲ್ಟ್ ತೂತಿನಲ್ಲಿಯೇ ಇದೆಯೆಂದು ಎರಡು ಬಾರಿ ನೋಡಿಕೊಳ್ಳಿ.

ಕಾವಲುಗಾರನನ್ನು ಕಳಿಸಬೇಡಿ

ಬಿಎಂಎಸ್ ಪದೇ ಪದೇ ಕಡಿಯುತ್ತಿದ್ದರೆ ಅದರ ಎರಡು ತುದಿಗಳಿಗೆ ಒಂದು ತಂತಿ ಬೆಸೆದು ದಾಟಿಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಸೈಕಲ್ ದಿಣ್ಣೆ ಹತ್ತುತ್ತದೆ, ನಿಜ. ಆದರೆ ಸೊರಗಿದ ಗುಂಪು 2.6 ವೋಲ್ಟಿಗೆ ನಿಲ್ಲದೆ ಇನ್ನೂ ಕೆಳಗಿಳಿಯುತ್ತದೆ. ಲಿಥಿಯಂ ಅಯಾನ್ ಕೋಶದ ಋಣ ಫಲಕದ ಆಧಾರ ತಾಮ್ರದ ಹಾಳೆ. ಕೋಶ ತೀರ ಬರಿದಾದಾಗ ಈ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಬೇರೆಡೆ ಗಟ್ಟಿಯಾಗಿ, ಒಳಗೇ ಹ್ರಸ್ವಮಂಡಲವನ್ನು ಉಂಟುಮಾಡಬಲ್ಲದು. ಬೆಂಕಿ ಹೊತ್ತುವುದು ದಿಣ್ಣೆಯ ಮೇಲಲ್ಲ. ಮುಂದೊಂದು ರಾತ್ರಿ ಮನೆಯಲ್ಲಿ ಚಾರ್ಜಿಗೆ ಇಟ್ಟಾಗ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ಮಾನಕವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಕಾರ್ಖಾನೆಯ ಬ್ಯಾಟರಿಗಳಿಗೇ ಇಷ್ಟು ಎಚ್ಚರ ಬೇಕಾದರೆ ಮನೆಯಲ್ಲಿ ಕಟ್ಟಿದ್ದಕ್ಕೆ ಎಷ್ಟು ಬೇಕು? ಸೊರಗಿದ ಗುಂಪನ್ನು ಬಲ್ಲವರಿಂದ ಬದಲಾಯಿಸಿ. ಅಲ್ಲಿಯವರೆಗೆ ದಿಣ್ಣೆಯಲ್ಲಿ ಪೆಡಲ್ ತುಳಿದು ನೆರವಾಗಿ, ಪ್ರವಾಹ ಇಳಿಯುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಇಷ್ಟೆಲ್ಲ ಸಲಕರಣೆ ಇಲ್ಲದಿದ್ದರೂ ಇದೇ ಪಾಠವನ್ನು ಒಂದು ಹಳೆಯ ಟಾರ್ಚ್ ಸೆಲ್ಲಿನಿಂದ ಕಲಿಸಬಹುದು. ಸೆಲ್ಲಿನ ವೋಲ್ಟೇಜನ್ನು ಅಳೆಯಿರಿ, 1.4 ವೋಲ್ಟ್ ಬಂದೀತು. ಈಗ ಟಾರ್ಚಿನ ತಂತು ಬಲ್ಬನ್ನು ಜೋಡಿಸಿ ಮತ್ತೆ ಅಳೆಯಿರಿ. 1.1 ವೋಲ್ಟಿಗೆ ಇಳಿದು, ಪ್ರವಾಹ 0.25 ಆಂಪಿಯರ್ ಇದ್ದರೆ ಆಂತರಿಕ ರೋಧ 0.3 ÷ 0.25 = 1.2 ಓಮ್. ಹೊಸ ಸೆಲ್ಲಿನಲ್ಲಿ ಇದೇ ಪ್ರಯೋಗ ಮಾಡಿ ಎರಡನ್ನೂ ಹೋಲಿಸಿ. ಹೊಸ ಸೆಲ್ಲು, ಹಳೆಯ ಸೆಲ್ಲು ಸುಮ್ಮನಿದ್ದಾಗ ಹೆಚ್ಚುಕಡಿಮೆ ಒಂದೇ. ಕೆಲಸ ಕೊಟ್ಟಾಗಲೇ ಅವುಗಳ ವ್ಯತ್ಯಾಸ ತಿಳಿಯುವುದು.