ಮೊದಲು ಮಟ್ಟ, ಆಮೇಲೆ ಕಾಲು

ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿದೆ. ಅದರ ಪಕ್ಕದ ಲಾ ಪೋಸಾ ಎಂಬ ಸರ್ಕಾರಿ ಬಯಲಿನಲ್ಲಿ ಪರವಾನಗಿ ಪಡೆದು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡು ಬಿಡಬಹುದು. ಉತ್ತರದ ಚಳಿಗೆ ಬೆನ್ನು ಹಾಕಿ ಬಂದವರು ಟ್ರಾವೆಲ್ ಟ್ರೇಲರ್‌ಗಳನ್ನು, ಅಂದರೆ ಟ್ರಕ್ಕಿನ ಹಿಂದೆ ಎಳೆದು ತಂದ ಗಾಲಿಮನೆಗಳನ್ನು, ಇಲ್ಲಿ ನಿಲ್ಲಿಸುತ್ತಾರೆ. ಕಾಂಕ್ರೀಟ್ ಕಟ್ಟೆಯಿಲ್ಲ, ಜಲ್ಲಿ ಹರಡಿದ ಏರುತಗ್ಗಿನ ನೆಲ. ಇಲ್ಲಿ ಮನೆಯನ್ನು ಮಟ್ಟ ಮಾಡದೆ ಒಲೆ ಹಚ್ಚುವಂತಿಲ್ಲ.

ಹಾಸಿಗೆ ಓರೆಯಾದರೆ, ಬಚ್ಚಲ ನೀರು ಮೂಲೆಯಲ್ಲಿ ನಿಂತರೆ ಹೇಗೋ ಸಹಿಸಬಹುದು. ಫ್ರಿಜ್ ಸಹಿಸುವುದಿಲ್ಲ. ಹಲವು ಟ್ರೇಲರ್‌ಗಳಲ್ಲಿರುವುದು ಗ್ಯಾಸ್ ಉರಿಯಿಂದ ತಣ್ಣಗಾಗುವ ಫ್ರಿಜ್. 1922ರಲ್ಲಿ ಸ್ಟಾಕ್‌ಹೋಮಿನ ವಿದ್ಯಾರ್ಥಿಗಳಾದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ಈ ಬಗೆಯ ಯಂತ್ರಕ್ಕೆ ಕಂಪ್ರೆಸರ್ ಇಲ್ಲ, ಪಂಪೂ ಇಲ್ಲ. ಉರಿಯ ಕಾವಿಗೆ ಅಮೋನಿಯಾ ನೀರನ್ನು ಬಿಟ್ಟು ಮೇಲೇರುತ್ತದೆ, ತಣಿದು ದ್ರವವಾಗುತ್ತದೆ, ಜಲಜನಕದ ನಡುವೆ ಆವಿಯಾಗುತ್ತ ಪೆಟ್ಟಿಗೆಯೊಳಗಿನ ಶಾಖ ಹೀರುತ್ತದೆ, ಮತ್ತೆ ನೀರಿಗೆ ಸೇರಿ ಕೆಳಗಿಳಿಯುತ್ತದೆ. ಹಾಗೆ ಇಳಿಯಲು ಅದಕ್ಕಿರುವುದು ತನ್ನ ಭಾರವೊಂದೇ. ಮನೆ ವಾಲಿದರೆ ದ್ರವ ಕೊಳವೆಯಲ್ಲೇ ತಂಗುತ್ತದೆ, ಬುಡದ ಬಾಯ್ಲರ್ ಬತ್ತಿ ಮಿತಿಮೀರಿ ಕಾಯುತ್ತದೆ. ತುಕ್ಕು ತಡೆಯಲು ಬೆರೆಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ದಾರಿ ಕಟ್ಟುತ್ತದೆ. ಆಮೇಲೆ ಮಟ್ಟ ಮಾಡಿದರೂ ಆ ಹಾನಿ ಹೋಗದು. ಇಂಥ ಫ್ರಿಜ್‌ಗೆ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ ಪಕ್ಕಕ್ಕೆ 3 ಡಿಗ್ರಿ. ಕಂಪ್ರೆಸರ್ ಇರುವ ಹೊಸ ಫ್ರಿಜ್‌ಗಳಿಗೆ ಈ ಭಯ ಕಡಿಮೆ.

ಕೆಲಸಕ್ಕೊಂದು ಕ್ರಮವಿದೆ, ಅದನ್ನು ತಿರುವುಮುರುವು ಮಾಡಬಾರದು. ಟ್ರಕ್ಕಿನಿಂದ ಬಿಡಿಸುವ ಮೊದಲೇ ಎಡ–ಬಲ ಸರಿಮಾಡಬೇಕು. ರಸಮಟ್ಟ ಇಟ್ಟು ನೋಡಿ, ತಗ್ಗಿದ ಪಕ್ಕದ ಗಾಲಿಗಳನ್ನೆಲ್ಲ ಹಲಗೆಯ ಮೇಲೆ ಹತ್ತಿಸಬೇಕು. ಎರಡೂ ಪಕ್ಕದ ಗಾಲಿಗಳ ನಡುವೆ 6 ಅಡಿ ಅಂತರವಿದ್ದರೆ 1 ಡಿಗ್ರಿ ಓರೆಗೆ ಸುಮಾರು ಒಂದೂಕಾಲು ಅಂಗುಲ ದಪ್ಪದ ಹಲಗೆ ಬೇಕು. ಆಮೇಲೆ ಗಾಲಿಗಳ ಹಿಂದೆ ಮುಂದೆ ಬಿಗಿಯಾಗಿ ಬೆಣೆ ಕೊಟ್ಟು ಟ್ರಕ್ಕನ್ನು ಬಿಡಿಸಬೇಕು. ಎತ್ತಿನ ಗಾಡಿಯ ಮೂಕಿಯಂತೆ ಮುಂದೆ ಚಾಚಿದ ಭಾಗದಲ್ಲಿ ಒಂದು ಜಾಕ್ ಇರುತ್ತದೆ. ಅದನ್ನು ಏರಿಸಿ ಇಳಿಸಿದರೆ ಹಿಂದು–ಮುಂದಿನ ಮಟ್ಟ ಸಿಗುತ್ತದೆ.

ನಾಲ್ಕು ಮೂಲೆಯ ಕಾಲುಗಳ ಸರದಿ ಕೊನೆಯದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸ್ಪ್ರಿಂಗು, ಟೈರುಗಳ ಮೇಲೆ ನಿಂತ ಮನೆ ಒಳಗೆ ನಡೆದರೆ ತೂಗುತ್ತದೆ. ಆ ತೂಗಾಟ ತಡೆಯಲಷ್ಟೇ ಈ ಕಾಲುಗಳಿವೆ. ಭಾರ ಗಾಲಿಗಳ ಮೇಲೇ ಇರಬೇಕು. ಕಾಲಿನಿಂದ ಮನೆ ಎತ್ತಲು ಹೋದರೆ ಚಾಸಿ ತಿರುಚಿಕೊಂಡು ಬಾಗಿಲು ಕಚ್ಚುತ್ತದೆ. ಸಡಿಲ ನೆಲದಲ್ಲಿ ಪ್ರತಿ ಕಾಲಿನ ಕೆಳಗೂ ಅಗಲದ ಹಲಗೆಯಿಟ್ಟು, ಕಾಲು ಅದಕ್ಕೆ ಒತ್ತಿದ ಮೇಲೆ ತುಸುವೇ ಬಿಗಿ ಮಾಡಿದರೆ ಸಾಕು. ಮರುದಿನ ನೆಲ ಕುಸಿದಿದ್ದರೆ ಮತ್ತೊಮ್ಮೆ ಬಿಗಿಮಾಡಬೇಕು.

ಹೊರಡುವಾಗ ಮೊದಲು ಕಾಲುಗಳನ್ನು ಮಡಚಿ, ಟ್ರಕ್ಕಿಗೆ ಟ್ರೇಲರನ್ನು ಕೊಂಡಿ ಹಾಕಿ. ಕೊಂಡಿ ಭದ್ರವಾಗಿದೆಯೆಂದು ಕಣ್ಣಾರೆ ನೋಡುವ ತನಕ ಒಂದು ಬೆಣೆಯನ್ನೂ ತೆಗೆಯಬೇಡಿ.