ಕಾವು ಕೋಳಿಯದು, ತಂಪು ನಿಮ್ಮದು

ನಮ್ಮ ಇಂದಾಪುರದಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಮೊಟ್ಟೆಯೊಳಗಿನ ಮರಿಗೆ ಬೇಕಾದದ್ದು ಸುಮಾರು 37.5 ಡಿಗ್ರಿ ಮಾತ್ರ. ಕಾವಿಗೆ ಕೂತ ಹೇಂಟೆ ಮೊಟ್ಟೆಗಳನ್ನು ಬೆಚ್ಚಗಿಡಬಲ್ಲದು. ಕಾದ ಗೂಡನ್ನು ತಂಪು ಮಾಡಲಾರದು. ಆ ಕೆಲಸ ನಿಮ್ಮದು.

ತಗಡಿನ ಸೂರಿಗೆ ಕಬ್ಬಿನ ರವದಿ ಹೊದಿಸಿ, ಮಧ್ಯಾಹ್ನ ನೀರು ಚಿಮುಕಿಸಿ. ಗಾಳಿಯಾಡಲು ಎದುರುಬದುರು ಕಿಂಡಿಗಳಿರಲಿ. ಬುಟ್ಟಿಯಲ್ಲಿ ಹುಲ್ಲು ಹಾಸಿ, ವಾರದೊಳಗಿನ 10 ಮೊಟ್ಟೆ ಇಡಿ. ಕಾಳು, ನೀರು ಹತ್ತಿರವೇ ಇರಲಿ. ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟರೆ ಗೂಡು ಕಾದಿದೆಯೆಂದೇ ತಿಳಿಯಿರಿ.

7ನೇ ರಾತ್ರಿ ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿಯಿರಿ. ಕೆಂಪು ಎಳೆಗಳು ಕಂಡರೆ ಜೀವವಿದೆ. ಏನೂ ಕಾಣದಿದ್ದರೆ ತೆಗೆದುಬಿಡಿ.

21ನೇ ದಿನ ಚಿಂವ್‌ಚಿಂವ್ ಕೇಳಿಸಿತೇ? ಊರಿನ ಅಜ್ಜಿಗೆ ಫೋನ್ ಮಾಡಿ, ಕನ್ನಡದಲ್ಲೇ ಸುದ್ದಿ ಹೇಳಿ.