ದುರಸ್ತಿಯ ಕೈ

ದೇವಾಲಯಗಳಿಗೆ ದತ್ತಿ ಬಿಟ್ಟ ನಮ್ಮ ಪ್ರಾಚೀನ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಶಿಥಿಲವಾದದ್ದು ಇವನ್ನು ಸರಿಪಡಿಸುವ ಕಾರ್ಯವೆಂದು ಅದರ ಅರ್ಥ. ನೈವೇದ್ಯ, ನಂದಾದೀಪಗಳ ಜೊತೆಗೇ ದುರಸ್ತಿಗೂ ಭೂಮಿಯ ಆದಾಯವನ್ನು ಮೀಸಲಿಟ್ಟ ಹಿರಿಯರ ವಿವೇಕ ದೊಡ್ಡದು. ತರಗತಿಯಲ್ಲಿ ಎಷ್ಟೋ ವರ್ಷ ಇದನ್ನು ವಿವರಿಸಿದ ನಾನು ಅದರ ತಾತ್ಪರ್ಯವನ್ನು ಗ್ರಹಿಸಿದ್ದು ತಡವಾಗಿ.

ನಾನಿದ್ದ ಕಾಲೇಜಿನಲ್ಲಿ ದುರಸ್ತಿ ಸಹಾಯಕರೊಬ್ಬರಿದ್ದರು. ನಲ್ಲಿ ತೊಟ್ಟಿಕ್ಕಿದರೆ ಮೊದಲು ನೀರಿನ ಕವಾಟವನ್ನು ಮುಚ್ಚಿ, ಸವೆದ ವಾಷರನ್ನು ತೆಗೆದು ಹೊಸದನ್ನು ಕೂಡಿಸುವರು. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ 4 ಲೀಟರಿಗೆ ಮಿಗಿಲು. ಬಾಗಿಲು ಬಿಗಿಯಾದರೆ ಥಟ್ಟನೆ ಕೀಸುಳಿ ಹಿಡಿಯುತ್ತಿರಲಿಲ್ಲ. ಕೀಲಿನ ತಿರುಪು ಸಡಿಲವಾಗಿದೆಯೋ, ಮರವೇ ತೇವಕ್ಕೆ ಉಬ್ಬಿದೆಯೋ ಎಂದು ಪರೀಕ್ಷಿಸುವರು. ಕಾರಣವನ್ನರಿಯದೆ ಕೈಯಿಡಬಾರದೆಂಬುದೇ ಆ ವಿದ್ಯೆಯ ಮೊದಲ ಪಾಠ. ಮುಂಗಾರಿಗೆ ಮುನ್ನ ತಾರಸಿಯೇರಿ, ನೀರು ಹರಿಯುವ ಕಂಡಿಗಳಲ್ಲಿ ಸೇರಿದ ತರಗೆಲೆಗಳನ್ನು ತೆಗೆಯುವರು. ಇದು ಯಾರ ಕಣ್ಣಿಗೂ ಬೀಳದ ಕೆಲಸ.

ಅವರು ನಿವೃತ್ತರಾದಾಗ ಆ ಹುದ್ದೆ ಅನಗತ್ಯವೆಂದು ತೀರ್ಮಾನಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಮರುವರ್ಷ ಕಂಡಿಗಳು ಕಟ್ಟಿಕೊಂಡವು. ತಾರಸಿಯಲ್ಲಿ ನಿಂತ ನೀರು ಗ್ರಂಥಾಲಯದ ಗೋಡೆಗಿಳಿಯಿತು. ಹಾಳೆ ಅಂಟಿಕೊಂಡು ಕೆಟ್ಟ ಗ್ರಂಥಗಳಲ್ಲಿ ಶಾಸನ ಸಂಪುಟಗಳೂ ಇದ್ದವು.

ಹೊಸದನ್ನು ಕಟ್ಟುವಾಗಲೇ ಅದನ್ನು ಕಾಪಾಡುವ ಕೈಗೂ ಪಾಲು ತೆಗೆದಿಡಬೇಕು. ಕಲ್ಲಿನಲ್ಲಿ ಓದಿಯೂ ಕಲಿಯದಿದ್ದುದನ್ನು ಒದ್ದೆ ಹಾಳೆಗಳನ್ನು ಬಿಡಿಸುತ್ತ ಕಲಿತೆನೆಂದು ಕೇಳುಗರಲ್ಲಿ ನಿವೇದಿಸುತ್ತೇನೆ.